ನೆಗಡಿಯೂ ಉಬ್ಬಸವೂ: ಒಂದು ಹುಡುಕಾಟದ ಕಥೆ

ಮೊನ್ನೆ ರಾತ್ರಿ ಹನ್ನೊಂದಕ್ಕೆ ಅಕ್ಕನ ಫೋನು. ನಾಲ್ಕು ವರ್ಷದ ಮಗಳಿಗೆ ಎರಡು ದಿನದಿಂದ ನೆಗಡಿ ಇತ್ತಂತೆ. ಸಂಜೆ ಎದೆ ಸುಂಯ್‌ಗುಟ್ಟೋಕೆ ಶುರುವಾಗಿ, ಆಸ್ಪತ್ರೆಗೆ ಹೋಗಿ ನೆಬ್ಯುಲೈಸರ್ ಹಾಕಿಸಿಕೊಂಡು ಬಂದಿದ್ದರು. ಮಗು ಮಲಗಿತ್ತು. ಅಳ್ತಾ ಇದ್ದಿದ್ದು ಅಕ್ಕ. "ತಲೆಗೆ ಸ್ನಾನ ಮಾಡ್ಸಿ ಸರಿಯಾಗಿ ಒರೆಸಿಲ್ಲ, ಅದಕ್ಕೇ ಹೀಗಾಯ್ತು ಅಂತ ಅತ್ತೆ ಅಂದ್ರು ಕಣೋ."

ಚಿಕ್ಕಂದಿನಲ್ಲಿ ನನಗೂ ಉಬ್ಬಸ ಇತ್ತು. ಆಗ ನಮ್ಮನೆಯ ಆರೋಪಿಗಳು ಮೊಸರು, ಬಾಳೆಹಣ್ಣು, ಮಳೆ ಮತ್ತು ನಮ್ಮಮ್ಮ :-) ನಿಜವಾದ ಆರೋಪಿ ಯಾರು ಅಂತ ಈ ವಾರವೆಲ್ಲ ಓದುತ್ತಾ ಕೂತೆ. ಓದಿದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳೋಣ ಅನ್ನಿಸಿತು.

ಕಥೆ ಶುರುವಾಗೋದು 1946ರಲ್ಲಿ, ಇಂಗ್ಲೆಂಡಿನ ಸಾಲ್ಸ್‌ಬರಿ ಊರಿನ ಹತ್ತಿರ. ಯುದ್ಧಕಾಲದಲ್ಲಿ ಕಟ್ಟಿದ್ದ ಆಸ್ಪತ್ರೆಯೊಂದರಲ್ಲಿ ಕ್ರಿಸ್ಟೋಫರ್ ಆಂಡ್ರ್ಯೂಸ್ ಅನ್ನೋ ವಿಜ್ಞಾನಿ ನೆಗಡಿಗಾಗಿಯೇ ಒಂದು ಸಂಶೋಧನಾ ಘಟಕ ಶುರು ಮಾಡಿದರು. ಸ್ವಯಂಸೇವಕರು ಸುಮಾರು ಹತ್ತು ದಿನ ಅಲ್ಲಿದ್ದು, ಮೂಗಿಗೆ ನೆಗಡಿಯ ಹನಿ ಹಾಕಿಸಿಕೊಳ್ಳಬೇಕಿತ್ತು. ಊಟ, ವಸತಿ ಪುಕ್ಕಟೆ! ಒಮ್ಮೆ ಕೆಲವರನ್ನು ಸ್ನಾನ ಮಾಡಿಸಿ, ಒದ್ದೆ ಬಟ್ಟೆಯಲ್ಲೇ ಗಾಳಿ ಬೀಸೋ ಓಣಿಯಲ್ಲಿ ನಿಲ್ಲಿಸಿ, ಆಮೇಲೆ ಒದ್ದೆ ಕಾಲುಚೀಲದಲ್ಲೇ ಇರಿಸಿದರು. ಚಳಿಯಿಂದ ನೆಗಡಿ ಹೆಚ್ಚಾಗಲಿಲ್ಲ. ಪ್ರಯೋಗ ಚಿಕ್ಕದು, ಅದೊಂದರಿಂದಲೇ ವಾದ ಮುಗಿಯಲಿಲ್ಲ ನಿಜ. ಆದರೆ ವೈರಸ್ ಇಲ್ಲದೆ ಬರೀ ಒದ್ದೆ ತಲೆಯಿಂದ ನೆಗಡಿ ಹುಟ್ಟೋದಿಲ್ಲ.

ವೈರಸ್ ಕೈಗೆ ಸಿಕ್ಕಿದ್ದು 1956ರಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ವಿನ್‌ಸ್ಟನ್ ಪ್ರೈಸ್ ಅವರಿಗೆ. 1960ರಲ್ಲಿ ಸಾಲ್ಸ್‌ಬರಿಯ ಡೇವಿಡ್ ಟಿರೆಲ್ ಇನ್ನೊಂದು ಗುಟ್ಟು ಕಂಡುಹಿಡಿದರು. ಮೂಗಿನ ಒಳಗೆ ದೇಹಕ್ಕಿಂತ ತಂಪು ತಾನೇ? 37 ಡಿಗ್ರಿ ಬದಲು 33ರಲ್ಲಿ ಇಟ್ಟರೆ ಇವು ಚೆನ್ನಾಗಿ ಬೆಳೆಯುತ್ತವೆ! ಈ ಗುಂಪಿಗೆ ರೈನೋವೈರಸ್ ಅಂತ ಹೆಸರು. ಗ್ರೀಕಿನಲ್ಲಿ ರೈನೋ ಅಂದರೆ ಮೂಗು.

ನೆಗಡಿಗೂ ಮಕ್ಕಳ ಉಬ್ಬಸಕ್ಕೂ ನಂಟಿದೆ ಅನ್ನೋದು 1970ರ ದಶಕದಲ್ಲೇ ಕಂಡಿತ್ತು. ಆದರೆ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೆಳೆಸಿಯೇ ತೋರಿಸಬೇಕಿದ್ದರಿಂದ ಎಷ್ಟೋ ಸಲ ಅದು ಸಿಗುತ್ತಲೇ ಇರಲಿಲ್ಲ. ಜೀನ್ ತುಣುಕನ್ನೇ ಲಕ್ಷಗಟ್ಟಲೆ ಪ್ರತಿ ಮಾಡಿ ಹುಡುಕುವ ಪಿಸಿಆರ್ ಬಂದ ಮೇಲೆ ಚಿತ್ರ ಬದಲಾಯಿತು. ಇಂಗ್ಲೆಂಡಿನ ಸೌತಾಂಪ್ಟನ್ ತಂಡ 9ರಿಂದ 11 ವರ್ಷದ 108 ಮಕ್ಕಳನ್ನು 13 ತಿಂಗಳು ಗಮನಿಸಿ, 1995ರಲ್ಲಿ ಫಲಿತಾಂಶ ಪ್ರಕಟಿಸಿತು. ಉಬ್ಬಸ ಕೆರಳಿದ ಐದು ಸಲಗಳಲ್ಲಿ ಸುಮಾರು ನಾಲ್ಕು ಸಲ ಮೂಗಿನಲ್ಲಿ ವೈರಸ್ ಇತ್ತು! ಹೆಚ್ಚಿನವು ರೈನೋ.

ಕೆನಡಾದಲ್ಲಿ ಇನ್ನೊಂದು ಮಾದರಿ ಕಂಡಿತು. ಸೆಪ್ಟೆಂಬರಿನಲ್ಲಿ ಶಾಲೆ ಶುರುವಾಗಿ ಎರಡೂವರೆ ವಾರಕ್ಕೆ ಆಸ್ತಮಾ ಮಕ್ಕಳಿಂದ ಆಸ್ಪತ್ರೆ ತುಂಬುತ್ತಿತ್ತು. ನಮ್ಮಲ್ಲಿ ಶಾಲೆ, ಮಳೆ ಎರಡೂ ಜೂನ್ ಹೊತ್ತಿಗೇ ಶುರು. ಬೈಸಿಕೊಳ್ಳೋದು ಮಾತ್ರ ಮಳೆ.

ಇನ್ನೂ ಚಿಕ್ಕ ಮಕ್ಕಳ ಕಥೆ? ಅಮೆರಿಕದ ಮ್ಯಾಡಿಸನ್‌ನಲ್ಲಿ 1998ರಿಂದ, ಅಲರ್ಜಿ ಅಥವಾ ಆಸ್ತಮಾ ಇರುವ ಕುಟುಂಬಗಳ 289 ಶಿಶುಗಳನ್ನು ಹುಟ್ಟಿನಿಂದಲೇ ಗಮನಿಸಿದರು. ಮೊದಲ ಮೂರು ವರ್ಷದಲ್ಲಿ ರೈನೋವೈರಸ್ಸಿನ ಜೊತೆ ಉಬ್ಬಸ ಬಂದವರಲ್ಲಿ, ಆರನೇ ವಯಸ್ಸಿಗೆ ಆಸ್ತಮಾ ಇರುವ ಸಂಭವ ಹತ್ತಿರ ಹತ್ತು ಪಟ್ಟು ಅಂತ 2008ರಲ್ಲಿ ಹೇಳಿದರು. ವೈರಸ್ಸೇ ಆಸ್ತಮಾ ತರುತ್ತೋ, ಮೊದಲೇ ನಾಜೂಕಾಗಿದ್ದ ಶ್ವಾಸನಾಳವನ್ನು ಬಯಲು ಮಾಡುತ್ತೋ ಅನ್ನೋ ಚರ್ಚೆ ಇನ್ನೂ ಇದೆ.

ನನ್ನಂಥ ಸಾಫ್ಟ್‌ವೇರಿನವನಿಗೆ ಮಜಾ ಅನ್ನಿಸಿದ್ದು ಇದು: 2006ರ ಸುಮಾರಿಗೆ ರೈನೋವೈರಸ್ಸಿನ 'ಸಿ' ಎಂಬ ಹೊಸ ಗುಂಪೇ ಸಿಕ್ಕಿತು. ಮಾಮೂಲಿ ವಿಧಾನದಲ್ಲಿ ಬೆಳೆಯದ್ದರಿಂದ ಅಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಟೆಸ್ಟಿಂಗ್‌ನಲ್ಲಿ ಕಾಣದೆ ಪ್ರೊಡಕ್ಷನ್‌ನಲ್ಲಿ ಕಾಟ ಕೊಡೋ ಬಗ್ ಥರ! ಪುಟ್ಟ ಮಕ್ಕಳ ಜೋರು ಉಬ್ಬಸದಲ್ಲಿ ಇದರದ್ದೇ ದೊಡ್ಡ ಪಾಲು. ಇದು ಜೀವಕೋಶದ ಮೇಲಿನ ಸಿಡಿಎಚ್‌ಆರ್3 ಅನ್ನೋ ಪ್ರೋಟೀನನ್ನು ಹಿಡಿದು ಒಳಗೆ ನುಗ್ಗುತ್ತೆ ಅಂತ 2015ರಲ್ಲಿ ಗೊತ್ತಾಯಿತು. ಕೆಲವು ಮಕ್ಕಳ ಜೀನಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸದಿಂದ ಈ ಪ್ರೋಟೀನ್ ಕೋಶದ ಹೊರಮೈಯಲ್ಲಿ ಹೆಚ್ಚಿರುತ್ತೆ. ಒಂದೇ ಮನೆಯಲ್ಲಿ ಒಂದು ಮಗು ಸೀನಿ ಸುಮ್ಮನಾದರೆ ಇನ್ನೊಂದು ಉಸಿರಿಗೆ ಒದ್ದಾಡೋದಕ್ಕೆ ಇದೂ ಒಂದು ಕಾರಣ.

160ಕ್ಕೂ ಹೆಚ್ಚು ಬಗೆ ಇರುವುದರಿಂದ ಲಸಿಕೆ ಇನ್ನೂ ಬಂದಿಲ್ಲ. ವೈರಸ್ ಮೇಲೆ ಆಂಟಿಬಯಾಟಿಕ್ ನಾಟುವುದಿಲ್ಲ. ಕೈ ತೊಳೆಯೋದು, ಡಾಕ್ಟರು ಬರೆದುಕೊಟ್ಟ ಇನ್ಹೇಲರನ್ನು ಮಗು ಚೆನ್ನಾಗಿದೆ ಅಂತ ನಾವೇ ನಿಲ್ಲಿಸದೆ ಇರೋದು, ಉಸಿರಿಗೆ ಪಕ್ಕೆ ಒಳಗೆ ಸೆಳೆದರೆ ತಕ್ಷಣ ಆಸ್ಪತ್ರೆಗೆ ಓಡೋದು... ಸದ್ಯಕ್ಕೆ ನಮ್ಮ ಕೈಲಿರೋದು ಇಷ್ಟು.

ನಿನ್ನೆ ಅಕ್ಕನಿಗೆ ಫೋನ್ ಮಾಡಿ ಇದನ್ನೆಲ್ಲ ಒಂದೇ ಉಸಿರಿಗೆ ಒದರಿದೆ. ಒದ್ದೆ ಕಾಲುಚೀಲದ ಕಥೆಗೆ ನಕ್ಕಳು. "ಇದನ್ನ ಅತ್ತೆಗೆ ನೀನೇ ಹೇಳು ಮಾರಾಯ" ಅಂದಳು. ಭಾನುವಾರ ಹೋಗ್ತಿದ್ದೀನಿ. ಧೈರ್ಯ ಬೇಕು :-)