ಕಾಪ್ರಿಸ್ ಬಂಡಿ ಮತ್ತು ನಮ್ಮ ಗಲ್ಫ್ ಚರಿತ್ರೆ

ಗಲ್ಫಿನಿಂದ ನಮ್ಮೂರಿಗೆ ಬಂದ ಸಾಮಾನುಗಳನ್ನು ಪಟ್ಟಿ ಮಾಡುತ್ತ ಹೋದರೆ ಪುಟ ಸಾಲದು. ಟೇಪ್ ರೆಕಾರ್ಡರ್, ಅತ್ತರು, ದಪ್ಪ ಕಂಬಳಿ, ಟಾರ್ಚು, ಗೋಡೆ ಗಡಿಯಾರ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಹಳೆಯ ಮನೆಗಳ ಕಪಾಟಿನಲ್ಲಿ ಇವುಗಳಲ್ಲಿ ಒಂದಾದರೂ ಇವತ್ತಿಗೂ ಸಿಗುತ್ತದೆ. ಆದರೆ ನಮ್ಮವರಲ್ಲಿ ಎಷ್ಟೋ ಜನ ಅಲ್ಲಿ ಬೆಳಗಿನಿಂದ ರಾತ್ರಿವರೆಗೆ ಓಡಿಸಿದ, ತೊಳೆದ, ರಿಪೇರಿ ಮಾಡಿದ ಒಂದು ವಸ್ತು ಮಾತ್ರ ಊರಿಗೆ ಬರಲೇ ಇಲ್ಲ. ಅದು ಅಮೆರಿಕದ ದೊಡ್ಡ ನಾಲ್ಕು ಬಾಗಿಲಿನ ಕಾರು. ನಮ್ಮ ಮನೆಯ ಹಿರಿಯರ ಬಾಯಲ್ಲಿ ಬರೀ ‘ಬೆಲ್ಯ ಬಂಡಿ’. ಅದು ಊರಿಗೆ ಬಂದದ್ದು ಫೋಟೊದಲ್ಲಿ. ಬಾನೆಟ್ಟಿಗೆ ಒರಗಿ, ಕಪ್ಪು ಕನ್ನಡಕ ಹಾಕಿ ನಿಂತ ಯುವಕನ ಹಿಂದೆ ಆ ಕಾರು ಇರುತ್ತಿತ್ತು. ಅದು ಅವನದ್ದೇ ಕಾರು ಎಂದು ನಂಬಿದ ಮನೆಗಳೂ ಇದ್ದವು.

ನಾನು ಶಾರ್ಜಾದಲ್ಲಿ ಲೆಕ್ಕಪತ್ರದ ಕೆಲಸದವನು. ನನ್ನ ಹತ್ತಿರ 1995ರ ಶೆವರ್ಲೆ ಕಾಪ್ರಿಸ್ ಒಂದಿದೆ. ಅದನ್ನು ನೋಡಿದ ಗೆಳೆಯರೆಲ್ಲ ಕೇಳುವುದು ಒಂದೇ ಮಾತು: “ಈ ಪೆಟ್ರೋಲ್ ಕುಡಿಯುವ ಆನೆಯನ್ನು ಯಾಕೆ ಸಾಕ್ತೀಯ ಮಾರಾಯ?” ಅವರಿಗೆ ನಿಂತಲ್ಲೇ ಉತ್ತರ ಹೇಳಿ ಮುಗಿಯುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಕಾರಿನ ಕಥೆ. ಶೆವರ್ಲೆ ಕಂಪೆನಿ 1958ರಲ್ಲಿ ಇಂಪಾಲಾ ತಂದಿತು. 1965ರಲ್ಲಿ ಅದರ ಮೇಲ್ದರ್ಜೆಯ ರೂಪವಾಗಿ ಕಾಪ್ರಿಸ್ ಬಂತು. ಮರುವರ್ಷ ಅದೇ ಒಂದು ಪ್ರತ್ಯೇಕ ಮಾದರಿಯಾಯಿತು. 1965ರ ಒಂದೇ ವರ್ಷದಲ್ಲಿ ಇಂಪಾಲಾ 10 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು ಎಂದರೆ ಅಮೆರಿಕದಲ್ಲಿ ಅದು ಎಷ್ಟು ಸಾಮಾನ್ಯ ಮನುಷ್ಯನ ಕಾರು ಎಂದು ತಿಳಿಯುತ್ತದೆ. ಗಟ್ಟಿ ಚಾಸಿಸ್, ಅದರ ಮೇಲೆ ಬೇರೆಯಾಗಿ ಕೂರಿಸಿದ ಬಾಡಿ, ಮುಂದೆ ಎಂಟು ಸಿಲಿಂಡರಿನ ಇಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ, ಸ್ಟೇರಿಂಗ್ ಪಕ್ಕದಲ್ಲೇ ಗೇರಿನ ಕೋಲು, ಮುಂದೆ ಮೂವರು ಹಿಂದೆ ಮೂವರು ಕೂರುವ ಉದ್ದ ಸೀಟು. ನಮ್ಮ ಅಂಬಾಸಿಡರಿನ ಇಂಜಿನ್ ಬಹುಕಾಲ 1.5 ಲೀಟರ್ ಇತ್ತು. ಇದರದ್ದು 5 ಲೀಟರ್, 5.7 ಲೀಟರ್. ಉದ್ದದಲ್ಲಿ ಅಂಬಾಸಿಡರಿಗಿಂತ ಒಂದು ಮೀಟರ್ ಜಾಸ್ತಿ.

ಇಷ್ಟು ಸಾಮಾನ್ಯವಾಗಿದ್ದದ್ದೇ ಅದಕ್ಕೆ ಮುಳುವಾಯಿತು. ಅಮೆರಿಕದಲ್ಲಿ ಹಳೆ ಕಾರು ಸಂಗ್ರಹಿಸುವವರು ಎರಡು ಬಾಗಿಲಿನ ಕೂಪೆಗಳನ್ನು, ಮಾಡು ತೆರೆಯುವ ಕಾರುಗಳನ್ನು ಉಳಿಸಿಕೊಂಡರು. ನಾಲ್ಕು ಬಾಗಿಲಿನದ್ದು ಮೊದಲು ಸಂಸಾರಕ್ಕೆ, ಆಮೇಲೆ ಟ್ಯಾಕ್ಸಿಗೆ, ಕೊನೆಗೆ ಗುಜರಿಗೆ ಹೋಯಿತು. ಕೂಪೆಗಳನ್ನು ಸರಿಮಾಡಲು ಇವುಗಳ ಬಿಡಿಭಾಗ ಬಿಚ್ಚಿದರು. ಒಂದಕ್ಕೊಂದು ಡಿಕ್ಕಿ ಹೊಡೆಸಿ ಪುಡಿಮಾಡುವ ಆಟದಲ್ಲಿ ಎಷ್ಟೋ ಕಾರುಗಳು ಮುಗಿದವು.

ಇನ್ನು ನಮ್ಮ ಕಥೆ ಇದಕ್ಕೆ ಸೇರುವುದು 1973ರಲ್ಲಿ. ಆ ವರ್ಷದ ಅಕ್ಟೋಬರ್ ಯುದ್ಧ, ಅದರ ಹಿಂದೆಯೇ ಅರಬ್ ದೇಶಗಳ ತೈಲ ನಿರ್ಬಂಧ. ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದ ಎಣ್ಣೆಯ ಬೆಲೆ 1974ರ ಆರಂಭಕ್ಕೆ ಸುಮಾರು 12 ಡಾಲರ್ ಆಯಿತು. ಅಮೆರಿಕದಲ್ಲಿ ಪೆಟ್ರೋಲ್ ಪಂಪಿನ ಮುಂದೆ ಸಾಲು ನಿಂತಿತು, ದೊಡ್ಡ ಕಾರು ಎಂದರೆ ಜನ ಹಿಂಜರಿದರು. 1977ರ ಕಾಪ್ರಿಸ್ ಹಿಂದಿನದಕ್ಕಿಂತ ಸುಮಾರು 10 ಇಂಚು ಗಿಡ್ಡ, ಸುಮಾರು 300 ಕಿಲೋ ಹಗುರವಾಗಿ ಬಂತು. ಅದೇ ಎಣ್ಣೆಯ ದುಡ್ಡಿನಿಂದ ಗಲ್ಫಿನಲ್ಲಿ ರಸ್ತೆ, ಬಂದರು, ಆಸ್ಪತ್ರೆ, ಮನೆ ಎದ್ದವು. ಅಲ್ಲಿನವರು ಆ ದೊಡ್ಡ ಕಾರುಗಳನ್ನು ಕೊಂಡರು. ಅವನ್ನು ಓಡಿಸಲು, ಆ ಮನೆಗಳನ್ನು ಕಟ್ಟಲು ನಮ್ಮವರು ಹೋದರು. ಕಾರು ಅಮೆರಿಕದಿಂದ ಹಡಗೇರಿತು, ನಮ್ಮ ಉಪ್ಪ, ಇಚ್ಚಂದಿರು ಬೊಂಬಾಯಿಯಿಂದ ಹಡಗೇರಿದರು. ಎರಡನ್ನೂ ಅಲ್ಲಿಗೆ ತಂದದ್ದು ಒಂದೇ ಬೆಲೆಯೇರಿಕೆ.

ಶೆವರ್ಲೆಯೇ ಯಾಕೆ ಅಷ್ಟು ಕಾಣುತ್ತಿತ್ತು, ಫೋರ್ಡ್ ಯಾಕೆ ಕಾಣಲಿಲ್ಲ ಎಂದು ಹಳೆಯ ಡ್ರೈವರುಗಳನ್ನು ಕೇಳಿದರೆ ಅವರು “ಗೊತ್ತಿಲ್ಲ ಮೋನೇ, ಇದ್ದದ್ದೇ ಅದು” ಎನ್ನುತ್ತಾರೆ. ಅದಕ್ಕೂ ಕಾರಣವಿದೆ. ಇಸ್ರೇಲಿನಲ್ಲಿ ಕಾರು ಜೋಡಿಸುವ ಒಪ್ಪಂದ ಮಾಡಿಕೊಂಡದ್ದಕ್ಕಾಗಿ ಅರಬ್ ಲೀಗ್ 1966ರಲ್ಲಿ ಫೋರ್ಡನ್ನು ಬಹಿಷ್ಕಾರದ ಪಟ್ಟಿಗೆ ಸೇರಿಸಿತ್ತು. ಅದು ಸಡಿಲವಾದದ್ದು 1980ರ ದಶಕದ ಮಧ್ಯದಲ್ಲಿ. ಆಮೇಲೆ ಫೋರ್ಡಿನ ಕ್ರೌನ್ ವಿಕ್ಟೋರಿಯಾ, ಅದೇ ಕಂಪೆನಿಯ ಮರ್ಕ್ಯುರಿ ಗ್ರಾಂಡ್ ಮಾರ್ಕ್ವಿಸ್ ಗಲ್ಫಿನ ರಸ್ತೆ ತುಂಬಿದವು.

ನನ್ನ ಉಮ್ಮನ ತಮ್ಮ ಕುವೈಟಿನಲ್ಲಿ ಒಂದು ಮನೆಯ ಡ್ರೈವರ್ ಆಗಿದ್ದರು. 1990 ಆಗಸ್ಟ್ 2ರಂದು ಇರಾಕಿನ ಸೇನೆ ಕುವೈಟಿಗೆ ನುಗ್ಗಿತು. ಮನೆಯವರು ಅದಕ್ಕೂ ಮೊದಲೇ ಬೇಸಿಗೆ ರಜೆಗೆ ಹೊರಗೆ ಹೋಗಿದ್ದರು, ಕಾಪ್ರಿಸ್ಸಿನ ಕೀಲಿ ಮಾವನ ಕೈಯಲ್ಲಿತ್ತು. ಕೆಲವು ವಾರ ಕಾದು, ಊರಿನವರೇ ಆರು ಜನ ಅದರಲ್ಲಿ ಕೂತು, ಡಿಕ್ಕಿಯಲ್ಲಿ ನೀರು ಮತ್ತು ಖುಬ್ಬೂಸ್ ತುಂಬಿಕೊಂಡು ಇರಾಕ್ ದಾಟಿ ಜೋರ್ಡಾನಿನ ಗಡಿವರೆಗೆ ಹೋದರು. ಅಲ್ಲಿ ಕಾರು ಬಿಟ್ಟರು. ಅಮ್ಮಾನಿನಿಂದ ವಿಮಾನದಲ್ಲಿ ಭಾರತಕ್ಕೆ ಬಂದ ಒಂದು ಲಕ್ಷಕ್ಕೂ ಹೆಚ್ಚು ಜನರಲ್ಲಿ ಇವರು ಆರು ಮಂದಿ. ಹನ್ನೊಂದು ವರ್ಷದ ದುಡಿಮೆಯ ಗುರುತಾಗಿ ಮಾವನ ಹತ್ತಿರ ಉಳಿದದ್ದು ಒಂದು ಡ್ರೈವಿಂಗ್ ಲೈಸೆನ್ಸ್ ಮತ್ತು ಮೂರು ಫೋಟೊ. ಮೂರರಲ್ಲೂ ಕಾರಿದೆ, ಯಾವುದರ ಹಿಂದೆಯೂ ದಿನಾಂಕ ಬರೆದಿಲ್ಲ.

ಇಂಥ ಫೋಟೊ ನಿಮ್ಮ ಮನೆಯಲ್ಲೂ ಇರಬಹುದು. ಅದು ಯಾವ ಕಾಲದ್ದು ಎಂದು ಕಾರೇ ಹೇಳುತ್ತದೆ. ಕಾಪ್ರಿಸ್ಸಿನ ಮುಂದೆ ನಾಲ್ಕು ದುಂಡು ದೀಪಗಳಿದ್ದರೆ ಅದು 1975 ಅಥವಾ ಅದಕ್ಕೂ ಹಿಂದಿನ ಮಾದರಿ. ನಾಲ್ಕು ಚೌಕ ದೀಪಗಳಿದ್ದರೆ 1976ರಿಂದ 1986ರ ಒಳಗಿನದ್ದು. ಒಂದೊಂದು ಬದಿಗೆ ಅಗಲವಾದ ಒಂದೇ ದೀಪವಿದ್ದು ಬಾಡಿ ಪೆಟ್ಟಿಗೆಯ ಹಾಗಿದ್ದರೆ 1987ರಿಂದ 1990. ಬಾಡಿ ತಿಮಿಂಗಿಲದ ಹಾಗೆ ದುಂಡಗಿದ್ದರೆ 1991ರ ನಂತರದ್ದು. ಹಿಂದಿನ ಚಕ್ರದ ಮೇಲ್ಭಾಗ ತಗಡಿನಿಂದ ಮುಚ್ಚಿದ್ದರೆ 1991-92, ತೆರೆದಿದ್ದರೆ 1993ರಿಂದ 1996. ಫೋಟೊ ಕಾರಿಗಿಂತ ಹಳೆಯದಾಗಿರಲು ಸಾಧ್ಯವಿಲ್ಲವಲ್ಲ. ಮಾವನ ಮೂರು ಫೋಟೊಗಳನ್ನು ನಾನು ಹೀಗೆಯೇ ಸಾಲಾಗಿ ಜೋಡಿಸಿದ್ದು. ಅವರು ಆ ಮನೆಯಲ್ಲಿ ಎರಡು ಕಾರು ಓಡಿಸಿದ್ದರು ಎಂಬುದು ಅವರ ಮಕ್ಕಳಿಗೇ ಆಗ ತಿಳಿಯಿತು.

ಅಮೆರಿಕದಲ್ಲಿ ಕಾಪ್ರಿಸ್ ತಯಾರಿ ನಿಂತದ್ದು 1996ರ ಡಿಸೆಂಬರಿನಲ್ಲಿ. ಟೆಕ್ಸಾಸಿನ ಆರ್ಲಿಂಗ್ಟನ್ ಕಾರ್ಖಾನೆಯಲ್ಲಿ ಅದರ ಜಾಗಕ್ಕೆ ಹೆಚ್ಚು ಲಾಭದ ದೊಡ್ಡ ಎಸ್‌ಯುವಿಗಳು ಬಂದವು. 1999ರಿಂದ ಗಲ್ಫಿನಲ್ಲಿ ಕಾಪ್ರಿಸ್ ಹೆಸರಿನಲ್ಲಿ ಮಾರಿದ್ದು ಆಸ್ಟ್ರೇಲಿಯಾದ ಹೋಲ್ಡನ್ ಕಾರು. ಅದರ ಕಾರ್ಖಾನೆಯೂ 2017ರ ಅಕ್ಟೋಬರಿನಲ್ಲಿ ಮುಚ್ಚಿತು. ಕ್ರೌನ್ ವಿಕ್ಟೋರಿಯಾದ ಕೊನೆಯ ಕಾರು ಕೆನಡಾದ ಸೇಂಟ್ ಥಾಮಸ್ ಕಾರ್ಖಾನೆಯಿಂದ ಹೊರಬಂದದ್ದು 2011 ಸೆಪ್ಟೆಂಬರ್ 15ರಂದು. ಅದು ಹೋದದ್ದು ಸೌದಿ ಅರೇಬಿಯಾಕ್ಕೆ. ಹುಟ್ಟಿದ ನಾಡು ಬೇಡವೆಂದ ಮೇಲೂ ಇವುಗಳಿಗೆ ಗಲ್ಫ್ ಬೇಕಾಗಿತ್ತು.

ಈಗ ನನ್ನ ಕಾರಿನ ವಿಷಯ. ಅದರ 5.7 ಲೀಟರ್ ಇಂಜಿನ್ 260 ಅಶ್ವಶಕ್ತಿಯದ್ದು. ಗಟ್ಟಿ ಇಂಜಿನ್, ಆದರೆ ಒಂದು ದೋಷವಿದೆ. ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರನ್ನು ಇಂಜಿನ್ನಿನ ಮುಂಭಾಗದಲ್ಲಿ, ನೀರಿನ ಪಂಪಿನ ಕೆಳಗೇ ಇಟ್ಟಿದ್ದಾರೆ. ಪಂಪ್ ಸೋರಿದರೆ ನೀರು ನೇರ ಅದರ ಮೇಲೆ ಬೀಳುತ್ತದೆ, ಬಂಡಿ ಕೆಮ್ಮಲು ಶುರು. ಇದನ್ನು ನನಗೆ ಕಲಿಸಿದ್ದು ಕುಂಬಳೆ ಕಡೆಯ ಒಬ್ಬ ಇಚ್ಚ, ಶಾರ್ಜಾ ಇಂಡಸ್ಟ್ರಿಯಲ್ ಏರಿಯಾದ ಸಣ್ಣ ಗ್ಯಾರೇಜಿನ ಮೆಕ್ಯಾನಿಕ್. “ಮೊದಲು ನೀರು ನೋಡು ಮೋನೇ, ಕರೆಂಟ್ ಆಮೇಲೆ” ಎಂಬುದು ಅವರ ಪಾಠ. ಬಿಸಿಲಿಗೆ ಡ್ಯಾಶ್‌ಬೋರ್ಡ್ ಬಿರುಕು ಬಿಡುತ್ತದೆ, ಬಾಗಿಲಿನ ರಬ್ಬರು ಕಲ್ಲಾಗುತ್ತದೆ, ಮಾಡಿನ ಬಟ್ಟೆ ಜೋತು ಬೀಳುತ್ತದೆ. 1990ರವರೆಗಿನ ಪೆಟ್ಟಿಗೆ ಮಾದರಿಯಲ್ಲಿ ಬಂಪರಿಗೂ ಬಾಡಿಗೂ ನಡುವಿನ ಪ್ಲಾಸ್ಟಿಕ್ ತುಂಡು ಹಪ್ಪಳದ ಹಾಗೆ ಪುಡಿಯಾಗುತ್ತದೆ. ಇವಕ್ಕೆಲ್ಲ ಮದ್ದು ಗೊತ್ತಿರುವವರು ಇನ್ನೂ ಇದ್ದಾರೆ. ಅವರಿಗೆ ಶಾಲೆ ಕಡಿಮೆ, ಬರೆದಿಟ್ಟದ್ದು ಏನೂ ಇಲ್ಲ. ಎಲ್ಲವೂ ಕೈಯಲ್ಲಿದೆ. ಇಚ್ಚನಿಗೆ ಈಗ 68 ವರ್ಷ; ಬರುವ ವರ್ಷ ಊರಿಗೆ ಮರಳುತ್ತಾರೆ.

ಕಾರನ್ನೂ ಊರಿಗೆ ತರಬಹುದಲ್ಲ ಎನ್ನುವವರಿಗೆ: ಆಗುವುದಿಲ್ಲ. ನಮ್ಮ ದೇಶಕ್ಕೆ ತರುವ ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೇರಿಂಗ್ ಬಲಕ್ಕಿರಬೇಕು. ಗಲ್ಫಿನದ್ದು ಎಡಕ್ಕೆ. ನನ್ನ ವೀಸಾ ಮುಗಿದ ದಿನ ಅದು ಇಲ್ಲಿನ ಯಾವುದೋ ಅರಬ್ ಹುಡುಗನ ಪಾಲಾಗುತ್ತದೆ. ಈಗ ಇಲ್ಲಿನ ಯುವಕರು ತಮ್ಮ ಅಜ್ಜಂದಿರ ಕಾಪ್ರಿಸ್‌ಗಳನ್ನು ಹುಡುಕಿ ಹೊಸದರಂತೆ ಮಾಡಿಸುತ್ತಿದ್ದಾರೆ, ಅದು ಒಳ್ಳೆಯದೇ. ಅವರ ಕೈಯಲ್ಲಿ ಕಾರು ಉಳಿಯುತ್ತದೆ. ಆದರೆ ಅದನ್ನು ಓಡಿಸಿದವನ, ಮೂವತ್ತು ವರ್ಷ ಬದುಕಿಸಿದವನ ಹೆಸರು ಅವರ ಹತ್ತಿರ ಇರುವುದಿಲ್ಲ. ಅದು ನಮ್ಮ ಮನೆಗಳಲ್ಲಿದೆ.

ಆದ್ದರಿಂದ ಗೆಳೆಯರಲ್ಲಿ ನನ್ನದೊಂದು ವಿನಂತಿ. ಮನೆಯಲ್ಲಿರುವ ಗಲ್ಫ್ ಫೋಟೊಗಳನ್ನು ತೆಗೆದು ಹಿರಿಯರ ಎದುರು ಇಡಿ. ಯಾವ ಊರು, ಯಾವ ವರ್ಷ, ಕಾರು ಯಾರದ್ದು, ತಿಂಗಳ ಸಂಬಳ ಎಷ್ಟು, ಕಾರು ಕೆಟ್ಟಾಗ ಸರಿಮಾಡಿದವರು ಯಾರು ಎಂದು ಕೇಳಿ. ಹೇಳಿದ್ದನ್ನು ಬ್ಯಾರಿಯಲ್ಲಾದರೂ ಕನ್ನಡದಲ್ಲಾದರೂ ಫೋಟೊದ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ. ಪೆನ್ನಿನ ಶಾಯಿ ಫೋಟೊಕ್ಕೆ ಹತ್ತುತ್ತದೆ. ಹಳೆಯ ಲೈಸೆನ್ಸ್, ಪಾಸ್‌ಪೋರ್ಟ್ ಬಿಸಾಡಬೇಡಿ. ಇಚ್ಚ ಊರಿಗೆ ಹೋಗುವ ಮುಂಚೆ ಅವರು ಹೇಳುವುದನ್ನು ನಾನು ಪ್ರತಿ ಶುಕ್ರವಾರ ಸಂಜೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ. ಈವರೆಗೆ ಒಂಬತ್ತು ಗಂಟೆಯಷ್ಟಾಗಿದೆ. ಇನ್ನೂ ಗೇರ್‌ಬಾಕ್ಸಿಗೆ ಬಂದಿಲ್ಲ.