ಸೆರೆಮನೆಯ ರಕ್ತ ಕಲಿಸಿದ ಪಾಠ

ಮಲೇರಿಯಾ ಜ್ವರಕ್ಕೆ ಮದ್ದು ಸೇವಿಸಿದ ಬಹುತೇಕರು ಗುಣ ಹೊಂದುತ್ತಾರೆ. ಆದರೆ ಕೆಲವರಲ್ಲಿ ಅದೇ ಮದ್ದು ಕೆಂಪು ರಕ್ತಕಣಗಳನ್ನು ಒಡೆದುಹಾಕುತ್ತದೆ. ಮೂತ್ರ ಕಪ್ಪಾಗುತ್ತದೆ, ಕಣ್ಣು ಹಳದಿಗಟ್ಟುತ್ತದೆ, ದೇಹ ನಿತ್ರಾಣಗೊಳ್ಳುತ್ತದೆ. ಒಬ್ಬನಿಗೆ ಸಂಜೀವಿನಿಯಾದದ್ದು ಮತ್ತೊಬ್ಬನಿಗೆ ವಿಷವಾಗುವುದೇಕೆ? ಈ ಪ್ರಶ್ನೆಗೆ ಉತ್ತರ ದೊರೆತದ್ದು ಅಮೆರಿಕದ ಒಂದು ಸೆರೆಮನೆಯಲ್ಲಿ.

ವೈವಾಕ್ಸ್ ಎಂಬ ಬಗೆಯ ಮಲೇರಿಯಾ ರೋಗಾಣು ಯಕೃತ್ತಿನಲ್ಲಿ ಅಡಗಿ ಕುಳಿತು, ತಿಂಗಳುಗಳ ಬಳಿಕ ಮತ್ತೆ ಜ್ವರ ತರುತ್ತದೆ. ಕ್ವಿನೈನ್ ಅದನ್ನು ಅಲ್ಲಿ ಕೊಲ್ಲಲಾರದು. ಜರ್ಮನಿಯ ರಸಾಯನಶಾಸ್ತ್ರಜ್ಞರು ರೂಪಿಸಿದ ಪ್ಲಾಸ್ಮೋಕಿನ್ 1926ರಲ್ಲಿ ಬಳಕೆಗೆ ಬಂದಾಗ, ಅದನ್ನು ಸೇವಿಸಿದ ಕೆಲವರಲ್ಲಿ ರಕ್ತಕಣಗಳು ಒಡೆಯುವುದನ್ನು ವೈದ್ಯರು ಕಂಡರು. ಕಾರಣ ಮಾತ್ರ ತಿಳಿಯಲಿಲ್ಲ.

1942ರಲ್ಲಿ ಜಪಾನ್ ಸೇನೆ ಜಾವಾ ದ್ವೀಪವನ್ನು ವಶಪಡಿಸಿಕೊಂಡಿತು. ಜಗತ್ತಿಗೆ ಬೇಕಾದ ಕ್ವಿನೈನಿನ ಬಹುಪಾಲು ಅಲ್ಲಿನ ಸಿಂಕೋನಾ ತೋಟಗಳಿಂದಲೇ ಬರುತ್ತಿತ್ತು. ಸೈನಿಕರು ಜ್ವರದಿಂದ ನರಳುತ್ತಿರಲು ಅಮೆರಿಕಕ್ಕೆ ಹೊಸ ಮದ್ದು ತುರ್ತಾಗಿ ಬೇಕಾಯಿತು. 1944ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯದ ವೈದ್ಯರು ಡಾ. ಆಲ್ಫ್ ಆಲ್ವಿಂಗ್ ಅವರ ನೇತೃತ್ವದಲ್ಲಿ ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಸೆರೆಮನೆಯನ್ನು ಪ್ರಯೋಗಶಾಲೆಯಾಗಿಸಿದರು. ಒಪ್ಪಿಗೆಪತ್ರಕ್ಕೆ ಸಹಿ ಹಾಕಿದ ಕೈದಿಗಳನ್ನು ರೋಗಾಣು ಹೊತ್ತ ಸೊಳ್ಳೆಗಳಿಂದ ಕಚ್ಚಿಸಿ, ಜ್ವರ ಬರಿಸಿ, ಹೊಸ ಮದ್ದುಗಳನ್ನು ಪರೀಕ್ಷಿಸಲಾಯಿತು. ಹೀಗೆ ಪರೀಕ್ಷಿಸಿದವುಗಳಲ್ಲಿ ಪ್ರೈಮಾಕ್ವಿನ್ ಮೇಲುಗೈ ಪಡೆಯಿತು. ಕೊರಿಯಾ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರಿಗೆ ಅದನ್ನೇ ನೀಡಿದರು.

ಆದರೆ ಕಪ್ಪು ವರ್ಣದ ಕೈದಿಗಳಲ್ಲಿ ಸರಿಸುಮಾರು ಹತ್ತರಲ್ಲೊಬ್ಬನ ರಕ್ತ ಈ ಮದ್ದನ್ನು ತಾಳಲಿಲ್ಲ. ದೋಷವಿರುವುದು ಮದ್ದನ್ನು ಜೀರ್ಣಿಸುವ ದೇಹದಲ್ಲೋ, ರಕ್ತಕಣದಲ್ಲೋ? ಇದನ್ನು ತಿಳಿಯಲು ವಿಜ್ಞಾನಿಗಳು ಅಂಥವರ ರಕ್ತಕಣಗಳಿಗೆ ವಿಕಿರಣಶೀಲ ಕ್ರೋಮಿಯಂನ ಗುರುತು ಹಚ್ಚಿ, ಮದ್ದನ್ನು ತಾಳಬಲ್ಲವರ ದೇಹಕ್ಕೆ ಸೇರಿಸಿದರು. ಮದ್ದು ಕೊಟ್ಟೊಡನೆ ಆ ಕಣಗಳು ಅಲ್ಲಿಯೂ ಒಡೆದವು. ತಾಳಬಲ್ಲವರ ಕಣಗಳಾದರೋ ತಾಳಲಾರದವರ ದೇಹದಲ್ಲೂ ಸುರಕ್ಷಿತವಾಗಿ ಉಳಿದವು. 1954ರಲ್ಲಿ ಪ್ರಕಟವಾದ ಈ ಪ್ರಯೋಗ ದೋಷವು ಕಣದೊಳಗೇ ಇದೆಯೆಂದು ತೋರಿಸಿತು. 1956ರಲ್ಲಿ ಪಾಲ್ ಕಾರ್ಸನ್ ಮತ್ತು ಸಂಗಡಿಗರು ಆ ದೋಷಕ್ಕೆ ಹೆಸರು ಕೊಟ್ಟರು. ಅದು ಜಿ-6-ಪಿಡಿ ಎಂಬ ಕಿಣ್ವದ ಕೊರತೆ. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಬಣ್ಣ ಕಾಯುವ ಹಾಗೆ ಈ ಕಿಣ್ವ ರಕ್ತಕಣವನ್ನು ಕಾಯುತ್ತದೆ.

ಈ ಕೊರತೆ ಎಕ್ಸ್ ವರ್ಣತಂತುವಿನ ಮೂಲಕ ತಾಯಿಯಿಂದ ಮಗನಿಗೆ ಬರುತ್ತದೆ. ಮಲೇರಿಯಾ ಬಹುಕಾಲ ನೆಲೆಸಿದ್ದ ನಾಡುಗಳಲ್ಲೇ ಇದು ಹೆಚ್ಚು. ನಮ್ಮ ದೇಶದಲ್ಲಿಯೂ ಉಂಟು. ಜಗತ್ತಿನಲ್ಲಿ ಸುಮಾರು 40 ಕೋಟಿ ಜನರಿಗೆ ಇದೆಯೆಂದು ಅಂದಾಜು. ಪೂರ್ವಜರನ್ನು ಮಲೇರಿಯಾದಿಂದ ತುಸುಮಟ್ಟಿಗೆ ಕಾಪಾಡಿದ ಗುಣವೇ ಮಲೇರಿಯಾದ ಮದ್ದಿಗೆ ಅಡ್ಡಿಯಾದದ್ದು ಎಂಥ ವಿಚಿತ್ರ!

ಈ ಜ್ಞಾನಕ್ಕೆ ಬೆಲೆ ತೆತ್ತವರನ್ನು ಮರೆಯಲಾಗದು. ನ್ಯೂರೆಂಬರ್ಗ್ ವಿಚಾರಣೆಯಲ್ಲಿ ನಾಜಿ ವೈದ್ಯರ ಪರ ವಕೀಲರು ಸ್ಟೇಟ್‌ವಿಲ್ಲನ್ನು ಉದಾಹರಿಸಿದರು. ಎರಡೂ ಒಂದೇ ಅಲ್ಲ. ಸೆರೆಶಿಬಿರಗಳ ಬಲಿಪಶುಗಳಿಗೆ ಒಪ್ಪಿಗೆಯ ಮಾತೇ ಇರಲಿಲ್ಲ. ಆದರೂ ಶಿಕ್ಷೆ ಕಡಿಮೆಯಾದೀತೆಂಬ ಆಸೆ, ಕೈಗೆ ಬರುವ ಅಲ್ಪ ಹಣ ಇವುಗಳ ನಡುವೆ ಕಂಬಿಯ ಹಿಂದಿನವನು ಕೊಡುವ ಒಪ್ಪಿಗೆ ಎಷ್ಟರಮಟ್ಟಿಗೆ ಸ್ವತಂತ್ರವಾದುದು? ಈ ಪ್ರಶ್ನೆ ಬಲಗೊಂಡು, 1974ರಲ್ಲಿ ಅಲ್ಲಿನ ಪ್ರಯೋಗಗಳು ನಿಂತವು.

ಮಲೇರಿಯಾದ ಪರಿಚಯ ನಮ್ಮ ಕರಾವಳಿಯ ಕುಟುಂಬಗಳಿಗೆ ಹೊಸದಲ್ಲ. ವೈವಾಕ್ಸ್ ಜ್ವರಕ್ಕೆ 14 ದಿನ ಪ್ರೈಮಾಕ್ವಿನ್ ಮಾತ್ರೆ ನೀಡುವುದು ಭಾರತದಲ್ಲಿ ರೂಢಿಯಲ್ಲಿರುವ ಕ್ರಮ. ಮನೆಯಲ್ಲಿ ಯಾರಿಗಾದರೂ ಈ ಕೊರತೆಯಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಮದ್ದು ಸೇವಿಸುವಾಗ ಮೂತ್ರ ಹಾಲಿಲ್ಲದ ಕಾಫಿಯಂತೆ ಕಪ್ಪಾದರೆ ಮಾತ್ರೆ ನಿಲ್ಲಿಸಿ ಕೂಡಲೇ ಅವರನ್ನು ಕಾಣಬೇಕು. ಈ ಎಚ್ಚರ ನಮಗೆ ಸುಲಭವಾಗಿ ದಕ್ಕಿದೆ. ಹೆಸರೂ ಉಳಿಯದ ಕೈದಿಗಳ ಋಣ ಅದರೊಳಗಿದೆ.