ಅರ್ಹತಾ ಸುತ್ತಿನ ಎಪ್ಪತ್ತು ವರ್ಷ

1954ರ ಮೇ 8ರಂದು ಮನಿಲಾದಲ್ಲಿ ಏಷ್ಯಾ ಫುಟ್‌ಬಾಲ್ ಒಕ್ಕೂಟ ಹುಟ್ಟಿದಾಗ ಅದರ ಹನ್ನೆರಡು ಸ್ಥಾಪಕ ಸದಸ್ಯರಲ್ಲಿ ಭಾರತವೂ ಇತ್ತು. ಎರಡು ವರ್ಷ ಕಳೆದು, 1956ರ ಸೆಪ್ಟೆಂಬರ್‌ನಲ್ಲಿ, ಮೊದಲ ಏಷ್ಯಾ ಕಪ್ ಹಾಂಗ್‌ಕಾಂಗ್‌ನಲ್ಲಿ ನಡೆಯಿತು. ಆಡಿದ್ದು ನಾಲ್ಕೇ ತಂಡ: ಆತಿಥೇಯ ಹಾಂಗ್‌ಕಾಂಗ್, ದಕ್ಷಿಣ ಕೊರಿಯಾ, ಇಸ್ರೇಲ್ ಮತ್ತು ದಕ್ಷಿಣ ವಿಯೆಟ್ನಾಂ. ಆತಿಥೇಯರನ್ನು ಬಿಟ್ಟು ಉಳಿದ ಮೂವರನ್ನು ಆರಿಸಲು ಖಂಡವನ್ನು ಮೂರು ವಲಯಗಳಾಗಿ ಹಂಚಿದ್ದರು. ಏಷ್ಯಾ ಕಪ್ ಅರ್ಹತಾ ಸುತ್ತಿನ ಚರಿತ್ರೆ ಶುರುವಾಗುವುದು ಆ ಹಂಚಿಕೆಯಿಂದ.

ಅದೇ ವರ್ಷದ ಕೊನೆಗೆ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆಯಿತು. ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿದ ಪಂದ್ಯದಲ್ಲಿ ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಅಂಥ ತಂಡ ಇದ್ದ ವರ್ಷವೇ ಏಷ್ಯಾ ಕಪ್‌ನಲ್ಲಿ ಭಾರತದ ಹೆಸರಿಲ್ಲ. ಒಲಿಂಪಿಕ್ಸ್ ಮುಂದೆ ಈ ಹೊಸ ಟೂರ್ನಿ ಆಗ ಯಾರಿಗೂ ದೊಡ್ಡದಾಗಿ ಕಂಡಿರಲಿಲ್ಲ. ಆ ಉದಾಸೀನಕ್ಕೆ ನಮ್ಮ ಫುಟ್‌ಬಾಲ್ ಬಹಳ ಕಾಲ ಬೆಲೆ ತೆತ್ತಿತು ಎಂದೇ ನನ್ನ ನಂಬಿಕೆ. ಈವರೆಗಿನ ಹದಿನೆಂಟು ಏಷ್ಯಾ ಕಪ್‌ಗಳಲ್ಲಿ ಭಾರತ ಆಡಿರುವುದು ಐದರಲ್ಲಿ ಮಾತ್ರ. ಉಳಿದ ವರ್ಷಗಳಲ್ಲಿ ನಮ್ಮ ಪಾಲಿನ ಏಷ್ಯಾ ಕಪ್ ಎಂದರೆ ಅರ್ಹತಾ ಸುತ್ತೇ. ಕೆಲವೊಮ್ಮೆ ಅದೂ ಇರಲಿಲ್ಲ.

ಎರಡನೇ ಆವೃತ್ತಿಯ ಪಶ್ಚಿಮ ವಲಯದ ಪಂದ್ಯಗಳು 1959ರ ಡಿಸೆಂಬರ್‌ನಲ್ಲಿ ನಮ್ಮ ಕೊಚ್ಚಿಯಲ್ಲೇ ನಡೆದವು. ಭಾರತ, ಪಾಕಿಸ್ತಾನ, ಇರಾನ್, ಇಸ್ರೇಲ್. ನಾಲ್ಕೂ ತಂಡಗಳು ಒಂದೇ ಊರಿನಲ್ಲಿ ಉಳಿದು, ಒಂದೇ ಮೈದಾನದಲ್ಲಿ ಒಬ್ಬರೊಬ್ಬರನ್ನು ಎರಡೆರಡು ಸಲ ಎದುರಿಸಿದವು. ಈ ನಾಲ್ಕು ಹೆಸರುಗಳನ್ನು ಇವತ್ತು ಒಂದೇ ಅಂಕಪಟ್ಟಿಯಲ್ಲಿ ಊಹಿಸಿಕೊಳ್ಳುವುದೂ ಕಷ್ಟ. ಅಂದು ಎರ್ನಾಕುಳಂನ ಜನ ಅದನ್ನು ಕಣ್ಣಾರೆ ಕಂಡರು. ಇಸ್ರೇಲ್ ಮುಂದಕ್ಕೆ ಹೋಯಿತು. ತವರು ನೆಲ ಭಾರತದ ಕೈ ಹಿಡಿಯಲಿಲ್ಲ.

1964ರ ಬೆಳ್ಳಿಯ ಕಥೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಇಸ್ರೇಲ್‌ನಲ್ಲಿ ನಡೆದ ಆ ಟೂರ್ನಿಯಲ್ಲಿ ಚುನಿ ಗೋಸ್ವಾಮಿ ನಾಯಕತ್ವದ ತಂಡ ದಕ್ಷಿಣ ಕೊರಿಯಾವನ್ನು 2–0, ಹಾಂಗ್‌ಕಾಂಗ್ ಅನ್ನು 3–1ರಿಂದ ಸೋಲಿಸಿತು, ಆತಿಥೇಯರಿಗೆ 0–2ರಿಂದ ಸೋತು ಎರಡನೇ ಸ್ಥಾನ ಪಡೆಯಿತು. ನೆಹರೂ ತೀರಿಕೊಂಡ ವಾರ ಅದು. ಮನೆಯ ಸುದ್ದಿ ಕೇಳಿಕೊಂಡೇ ಹುಡುಗರು ದೂರದ ನೆಲದಲ್ಲಿ ಆಡಿದರು. ಆ ಆಟದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅಲ್ಲಿಗೆ ತಲುಪಿದ ಬಗೆಯನ್ನೂ ಹೇಳಬೇಕು. ವಲಯದ ಇತರ ತಂಡಗಳು ಹಿಂದೆ ಸರಿದಿದ್ದರಿಂದ ಭಾರತ ಒಂದೂ ಅರ್ಹತಾ ಪಂದ್ಯ ಆಡದೆ ಪ್ರಧಾನ ಸುತ್ತಿಗೆ ಹೋಯಿತು. ಸ್ಮರಣ ಸಂಚಿಕೆಗಳಲ್ಲಿ ಈ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಮುಂದಿನ ಸಲ, 1967ರಲ್ಲಿ, ರಂಗೂನಿನಲ್ಲಿ ನಿಜವಾಗಿ ಆಡಿ ಗೆಲ್ಲಬೇಕಾಗಿ ಬಂದಾಗ ಬರ್ಮಾ ನಮ್ಮನ್ನು ದಾಟಿಹೋಯಿತು. ಅದಾದ ಮೇಲೆ 1972, 1976, 1980ರ ಆವೃತ್ತಿಗಳಿಗೆ ಭಾರತ ತಂಡವನ್ನೇ ಕಳಿಸಲಿಲ್ಲ. ಒಂದು ಇಡೀ ಪೀಳಿಗೆಯ ಆಟಗಾರರಿಗೆ ಈ ಬಾಗಿಲು ತಟ್ಟುವ ಅವಕಾಶವೇ ಸಿಗಲಿಲ್ಲ.

ಆ ಮೌನ ಮುರಿದದ್ದು 1984ರ ಅಕ್ಟೋಬರ್‌ನಲ್ಲಿ, ಕೋಲ್ಕತ್ತದಲ್ಲಿ. ಯುಗೊಸ್ಲಾವಿಯಾದ ಚಿರಿಚ್ ಮಿಲೊವಾನ್ ಆಗ ಕೋಚ್. ದಕ್ಷಿಣ ಕೊರಿಯಾ, ಮಲೇಷ್ಯಾ, ಪಾಕಿಸ್ತಾನ, ಉತ್ತರ ಯೆಮನ್ ಇದ್ದ ಗುಂಪಿನಲ್ಲಿ ಮೊದಲ ಇಬ್ಬರಿಗೆ ಅವಕಾಶ. ಭಾರತ ಕೊರಿಯಾದ ಹಿಂದೆ ಎರಡನೆಯದಾಗಿ ನಿಂತಿತು. ಭಾರತ ಮೈದಾನದಲ್ಲಿ ಆಡಿ ಗಳಿಸಿದ ಮೊದಲ ಏಷ್ಯಾ ಕಪ್ ಅರ್ಹತೆ ಅದು. ಡಿಸೆಂಬರ್‌ನಲ್ಲಿ ಸಿಂಗಪುರಕ್ಕೆ ಹೋದ ತಂಡ ಒಂದು ಗೋಲನ್ನೂ ಹೊಡೆಯಲಾಗದೆ ಮರಳಿತು. ಇರಾನ್ ವಿರುದ್ಧದ 0–0 ಡ್ರಾ ಒಂದೇ ಗಳಿಕೆ. ಜನ ಸಿಂಗಪುರವನ್ನು ನೆನಪಿಟ್ಟು ಕೋಲ್ಕತ್ತವನ್ನು ಮರೆತರು. ನನ್ನ ಲೆಕ್ಕದಲ್ಲಿ 1984ರ ಕೋಲ್ಕತ್ತಕ್ಕೆ ಸಿಗಬೇಕಾದ ಮಾನ ಇನ್ನೂ ಸಿಕ್ಕಿಲ್ಲ.

ಟೂರ್ನಿ ಬೆಳೆದಂತೆ ಅರ್ಹತಾ ಸುತ್ತಿನ ರೂಪವೂ ಬದಲಾಯಿತು. 1996ರಲ್ಲಿ ಪ್ರಧಾನ ಸುತ್ತಿಗೆ ಹನ್ನೆರಡು ತಂಡ, 2004ರಲ್ಲಿ ಹದಿನಾರು, 2019ರಿಂದ ಇಪ್ಪತ್ತನಾಲ್ಕು. ಒಂದೇ ಊರಿನಲ್ಲಿ ಎಲ್ಲರೂ ಕೂಡಿ ಆಡುತ್ತಿದ್ದ ಪದ್ಧತಿ ಹಿಂದೆ ಸರಿದು, ತವರಿನಲ್ಲೊಂದು ಎದುರಾಳಿಯ ನೆಲದಲ್ಲೊಂದು ಪಂದ್ಯ ಆಡುವ ಕ್ರಮ ಬೇರೂರಿತು. ಇದರಿಂದ ಆದ ಒಳ್ಳೆಯದು ಭೂತಾನ್‌ನಂಥ ದೇಶಗಳ ಕಥೆಯಲ್ಲಿ ಕಾಣುತ್ತದೆ.

2000ದ ಏಷ್ಯಾ ಕಪ್ ಅರ್ಹತಾ ಸುತ್ತಿಗೆಂದು ಆ ವರ್ಷದ ಫೆಬ್ರವರಿಯಲ್ಲಿ ಕುವೈತ್‌ಗೆ ಹೋದ ಭೂತಾನ್ ತಂಡ ಆತಿಥೇಯರಿಗೆ 0–20ರಿಂದ ಸೋತಿತು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಆಗ ಅದೇ ಅತಿ ದೊಡ್ಡ ಅಂತರ. ಹದಿನೈದು ವರ್ಷ ಕಳೆದು, 2015ರ ಮಾರ್ಚ್‌ನಲ್ಲಿ, ಫಿಫಾ ಪಟ್ಟಿಯ ಕಟ್ಟಕಡೆಯಲ್ಲಿದ್ದ ಅದೇ ಭೂತಾನ್ ಶ್ರೀಲಂಕಾವನ್ನು ಮೊದಲು ಅವರ ನೆಲದಲ್ಲಿ 1–0, ಆಮೇಲೆ ಥಿಂಪುವಿನಲ್ಲಿ 2–1ರಿಂದ ಸೋಲಿಸಿ ಮುಂದಿನ ಹಂತಕ್ಕೆ ಏರಿತು. ಅಲ್ಲಿ ಕತಾರ್ ಅವರಿಗೆ ಹದಿನೈದು ಗೋಲು ಹೊಡೆಯಿತು ಎನ್ನುವುದೂ ನಿಜ. ಆದರೂ ಥಿಂಪುವಿನ ಜನ ತಮ್ಮ ದೇಶದ ತಂಡವನ್ನು ತಮ್ಮ ಊರಿನಲ್ಲಿ ಗೆಲ್ಲುವುದನ್ನು ನೋಡಿದರಲ್ಲ! ಆ ಎರಡು ಪಂದ್ಯಗಳಲ್ಲಿ ಮಿಂಚಿದ ಚೆಂಚೊ ಗ್ಯೆಲ್‌ಶೆನ್ ಮುಂದೆ 2018ರಲ್ಲಿ ಬೆಂಗಳೂರು ಎಫ್‌ಸಿ ಸೇರಿ ಕಂಠೀರವ ಕ್ರೀಡಾಂಗಣದಲ್ಲಿ ಆಡಿದರು. ಹೀಗೆ ಒಬ್ಬ ಆಟಗಾರ ಪರದೇಶದ ಕ್ಲಬ್ಬೊಂದರ ಕಣ್ಣಿಗೆ ಬೀಳಲು ಅರ್ಹತಾ ಸುತ್ತಿನಂಥ ವೇದಿಕೆ ಬೇಕೇ ಬೇಕು.

ಸಣ್ಣ ದೇಶಗಳಿಗೆ ಒಕ್ಕೂಟ ತೆರೆದ ಇನ್ನೊಂದು ದಾರಿ 2006ರಲ್ಲಿ ಆರಂಭವಾದ ಎಎಫ್‌ಸಿ ಚಾಲೆಂಜ್ ಕಪ್. 2008ರಿಂದ ಅದನ್ನು ಗೆದ್ದವರಿಗೆ ನೇರವಾಗಿ ಏಷ್ಯಾ ಕಪ್ ಸ್ಥಾನ ಸಿಗುತ್ತಿತ್ತು. 2008ರ ಕೂಟ ಹೈದರಾಬಾದಿನಲ್ಲಿತ್ತು. ಮಳೆಯಿಂದ ಮೈದಾನ ಆಡುವ ಸ್ಥಿತಿಯಲ್ಲಿರದೆ ಫೈನಲ್ ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣಕ್ಕೆ ಹೋಯಿತು. ಆಗಸ್ಟ್ 13ರಂದು ಸುನಿಲ್ ಛೆಟ್ರಿಯ ಮೂರು, ಬೈಚುಂಗ್ ಭುಟಿಯಾ ಅವರ ಒಂದು ಗೋಲಿನಿಂದ ಭಾರತ ತಜಿಕಿಸ್ತಾನವನ್ನು 4–1ರಿಂದ ಮಣಿಸಿತು. ಇಪ್ಪತ್ತೇಳು ವರ್ಷಗಳ ನಂತರ, 2011ರಲ್ಲಿ, ಭಾರತ ಮತ್ತೆ ಏಷ್ಯಾ ಕಪ್‌ನಲ್ಲಿ ಆಡಿತು. ಆಸ್ಟ್ರೇಲಿಯಾ, ಬಹರೇನ್, ದಕ್ಷಿಣ ಕೊರಿಯಾ ಮೂರೂ ನಮ್ಮನ್ನು ಸೋಲಿಸಿದವು. ದೆಹಲಿಯ ಸಂಜೆ ಸುಂದರವಾಗಿತ್ತು, ಆದರೆ ಈ ದಾರಿಯಲ್ಲಿ ಬಲಿಷ್ಠರು ಯಾರೂ ಎದುರಾಗುತ್ತಿರಲಿಲ್ಲ. ಹಾಗೆ ಒಳಗೆ ಹೋದವರ ಮೈಗೆ ನಿಜವಾದ ಸೆಣಸಾಟದ ರೂಢಿ ಇರುತ್ತಿರಲಿಲ್ಲ. ಪ್ಯಾಲೆಸ್ತೀನ್ 2014ರಲ್ಲಿ ಇದೇ ಕಪ್ ಗೆದ್ದು ಮೊದಲ ಬಾರಿ ಏಷ್ಯಾ ಕಪ್‌ಗೆ ಬಂದದ್ದು ಈ ಕೂಟದ ದೊಡ್ಡ ಸಾರ್ಥಕತೆ. ಆ ವರ್ಷಕ್ಕೇ ಚಾಲೆಂಜ್ ಕಪ್ ನಿಂತಿತು.

ಅಲ್ಲಿಂದ ಮುಂದೆ ವಿಶ್ವಕಪ್ ಅರ್ಹತಾ ಪಂದ್ಯಗಳ ಮೊದಲ ಹಂತಗಳನ್ನೇ ಏಷ್ಯಾ ಕಪ್‌ಗೂ ಲೆಕ್ಕ ಹಿಡಿಯುವ ಏರ್ಪಾಡು ಬಂತು. ಕರ್ನಾಟಕದ ಫುಟ್‌ಬಾಲ್‌ಪ್ರಿಯರಿಗೆ ಈ ಕಥೆ ನಮ್ಮದೂ ಆಗಿದ್ದು ಆಗಲೇ. 2015ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಭಾರತ ಮೂರು ಪಂದ್ಯ ಆಡಿತು. ಜೂನ್‌ನಲ್ಲಿ ಒಮಾನ್ ವಿರುದ್ಧ 1–2 ಸೋಲು, ಸೆಪ್ಟೆಂಬರ್‌ನಲ್ಲಿ ಇರಾನ್ ವಿರುದ್ಧ 0–3, ನವೆಂಬರ್‌ನಲ್ಲಿ ಗುವಾಮ್ ವಿರುದ್ಧ ರಾಬಿನ್ ಸಿಂಗ್ ಗೋಲಿನಿಂದ 1–0 ಗೆಲುವು. ಅದೇ ಗುವಾಮ್, ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪ, ಜೂನ್‌ನಲ್ಲಿ ತನ್ನ ನೆಲದಲ್ಲಿ ನಮ್ಮನ್ನು 2–1ರಿಂದ ಸೋಲಿಸಿತ್ತು. ಐದು ತಂಡಗಳ ಗುಂಪಿನಲ್ಲಿ ಭಾರತ ಕೊನೆಯದು. ಹಳೆಯ ಕಾಲದಲ್ಲಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೊಸ ನಿಯಮದಲ್ಲಿ ಕೊನೆಯಲ್ಲಿದ್ದವರಿಗೂ ಪ್ಲೇಆಫ್ ಇತ್ತು. 2016ರ ಜೂನ್‌ನಲ್ಲಿ ಲಾವೋಸ್ ಅನ್ನು ಅಲ್ಲಿ 1–0, ಗುವಾಹಟಿಯಲ್ಲಿ 6–1ರಿಂದ ಸೋಲಿಸಿ ಭಾರತ ಉಳಿದುಕೊಂಡಿತು.

ಆಮೇಲೆ ನಡೆದದ್ದನ್ನು ನಾನು ನಿಧಾನವಾಗಿ ಹೇಳಬಯಸುತ್ತೇನೆ. ಮ್ಯಾನ್ಮಾರ್, ಕಿರ್ಗಿಸ್ತಾನ, ಮಕಾವ್ ಜೊತೆಗಿನ ಗುಂಪು. 2017ರ ಮಾರ್ಚ್ 28ರಂದು ಯಾಂಗೊನ್‌ನಲ್ಲಿ ತೊಂಬತ್ತು ನಿಮಿಷ ಮುಗಿದರೂ ಗೋಲಿಲ್ಲ. ಇಂಜುರಿ ಟೈಮ್‌ನಲ್ಲಿ ಛೆಟ್ರಿ ಗೋಲು ಹೊಡೆದು ಮೂರೂ ಅಂಕ ತಂದರು. ಜೂನ್ 13ಕ್ಕೆ ಕಿರ್ಗಿಸ್ತಾನ ಬೆಂಗಳೂರಿಗೆ ಬಂತು. ಮೈಕಟ್ಟಿನಲ್ಲೂ ಓಟದಲ್ಲೂ ನಮಗಿಂತ ಒಂದು ಕೈ ಮೇಲಿದ್ದ ತಂಡ. 69ನೇ ನಿಮಿಷದಲ್ಲಿ ಛೆಟ್ರಿ ಮೈದಾನದ ನಡುವಿನಿಂದ ಚೆಂಡು ಹಿಡಿದು ಎದುರಾಳಿಗಳ ನಡುವೆ ನುಗ್ಗಿದರು, ಜೊತೆ ಆಟಗಾರ ಜೆಜೆಗೆ ಕೊಟ್ಟು ನಿಲ್ಲದೆ ಮುಂದೆ ಓಡಿದರು. ಜೆಜೆ ರಕ್ಷಣಾ ಸಾಲಿನ ತಲೆಯ ಮೇಲಿಂದ ಮೆತ್ತಗೆ ಎತ್ತಿ ಹಾಕಿದ ಚೆಂಡು ಛೆಟ್ರಿಯ ಕಾಲಿಗೆ ಸಿಕ್ಕಿ ಗೋಲಾಯಿತು. ಕಂಠೀರವದಲ್ಲಿ ಗ್ಯಾಲರಿಗೂ ಮೈದಾನಕ್ಕೂ ನಡುವೆ ಅಥ್ಲೆಟಿಕ್ಸ್ ಟ್ರ್ಯಾಕ್ ಇದೆ, ಆಟ ಕಣ್ಣಿಗೆ ದೂರ ಎನ್ನುವ ದೂರು ಮೊದಲಿನಿಂದಲೂ ಉಂಟು. ಆ ಗೋಲಿಗೆ ಎದ್ದ ಕೂಗಿನ ಮುಂದೆ ಟ್ರ್ಯಾಕಿನ ಅಗಲ ಲೆಕ್ಕಕ್ಕೆ ಬರಲಿಲ್ಲ.

ಅಕ್ಟೋಬರ್ 11ರಂದು ಮತ್ತೆ ಕಂಠೀರವ, ಈ ಸಲ ಮಕಾವ್. ಗೆದ್ದರೆ ಏಷ್ಯಾ ಕಪ್ ಖಾತ್ರಿ. 28ನೇ ನಿಮಿಷದಲ್ಲಿ ರೌಲಿನ್ ಬೋರ್ಜಸ್ ಗೋಲು. 37ರಲ್ಲಿ ಮಕಾವ್‌ನ ನಿಕೋಲಸ್ ಟೊರಾವ್ ಸಮ ಮಾಡಿದರು. ವಿರಾಮಕ್ಕೆ 1–1, ಗ್ಯಾಲರಿಯಲ್ಲಿ ಚಡಪಡಿಕೆ. 60ರಲ್ಲಿ ಛೆಟ್ರಿ ಮುನ್ನಡೆ ತಂದ ಮೇಲೆಯೇ ಎಲ್ಲರ ಉಸಿರು ಹಗುರಾದದ್ದು. ಎದುರಾಳಿಯ ಸ್ವಂತ ಗೋಲೊಂದು, ಕೊನೆಗೆ ಜೆಜೆಯದೊಂದು ಸೇರಿ 4–1. ಎರಡು ಪಂದ್ಯ ಬಾಕಿ ಇರುವಾಗಲೇ ಭಾರತ ಒಳಗೆ. ಸ್ಟೀಫನ್ ಕಾನ್‌ಸ್ಟಂಟೈನ್ ಕೋಚ್ ಆಗಿದ್ದ ಈ ತಂಡವೇ 2019ರ ಜನವರಿ 6ರಂದು ಅಬುಧಾಬಿಯಲ್ಲಿ ಥಾಯ್ಲೆಂಡ್ ವಿರುದ್ಧ 4–1ರಿಂದ ಗೆದ್ದು, 1964ರ ನಂತರದ ಮೊದಲ ಏಷ್ಯಾ ಕಪ್ ಜಯ ತಂದುಕೊಟ್ಟಿತು. ಗುಂಪಿನ ತಳದಿಂದ ಎದ್ದು, ಯಾಂಗೊನ್‌ನಲ್ಲೂ ಬೆಂಗಳೂರಿನಲ್ಲೂ ಗೆದ್ದು ಗಳಿಸಿದ ಈ ಅರ್ಹತೆಯನ್ನು ನಾನು 1964ರ ಬೆಳ್ಳಿಗಿಂತ ಮೇಲಿಡುತ್ತೇನೆ. 2017ರ ಆ ರಾತ್ರಿಯ ನಂತರ ಪುರುಷರ ಏಷ್ಯಾ ಕಪ್ ಅರ್ಹತಾ ಪಂದ್ಯ ಕಂಠೀರವಕ್ಕೆ ಬಂದಿಲ್ಲ. ಬರಬೇಕು; ಈ ಊರು ಅದಕ್ಕೆ ಯೋಗ್ಯವಾಗಿದೆ.

2022ರ ಜೂನ್‌ನಲ್ಲಿ ಅದೃಷ್ಟವೂ ಆಟವೂ ಕೂಡಿ ಬಂದವು. ಕೋವಿಡ್ ಕಾರಣಕ್ಕೆ ಕೊನೆಯ ಹಂತವನ್ನು ಮತ್ತೆ ಒಂದೊಂದು ಗುಂಪಿಗೆ ಒಂದೇ ಊರು ಎಂದು ನಡೆಸಿದರು, ಕೋಲ್ಕತ್ತ ನಮ್ಮ ಪಾಲಿಗೆ ಬಂತು. ಕಾಂಬೋಡಿಯಾ ವಿರುದ್ಧ 2–0, ಅಫ್ಘಾನಿಸ್ತಾನ ವಿರುದ್ಧ 2–1, ಹಾಂಗ್‌ಕಾಂಗ್ ವಿರುದ್ಧ 4–0. ಅಫ್ಘಾನ್ ಪಂದ್ಯದಲ್ಲಿ 86ನೇ ನಿಮಿಷದ ಛೆಟ್ರಿ ಫ್ರೀಕಿಕ್‌ಗೆ ಎದುರಾಳಿ ಕೂಡಲೇ ಉತ್ತರ ಕೊಟ್ಟರೆ, ಇಂಜುರಿ ಟೈಮ್‌ನಲ್ಲಿ ಸಹಲ್ ಅಬ್ದುಲ್ ಸಮದ್ ಗೆಲುವಿನ ಗೋಲು ಹೊಡೆದರು. ಮೊದಲ ಬಾರಿಗೆ ಭಾರತ ಸತತ ಎರಡು ಏಷ್ಯಾ ಕಪ್‌ಗಳಿಗೆ ಹೋಯಿತು.

ಮೂರನೆಯದು ಕೈತಪ್ಪಿತು. 2024ರ ಜೂನ್ 11ರಂದು ದೋಹಾದಲ್ಲಿ ಕತಾರ್ ವಿರುದ್ಧ ಛಾಂಗ್ಟೆ ಗೋಲಿನಿಂದ ಭಾರತ 1–0 ಮುಂದಿತ್ತು. ಹಾಗೇ ಗೆದ್ದಿದ್ದರೆ 2027ರ ಏಷ್ಯಾ ಕಪ್ ಆ ರಾತ್ರಿಯೇ ನಮ್ಮದಾಗುತ್ತಿತ್ತು. 73ನೇ ನಿಮಿಷದಲ್ಲಿ ಗೆರೆ ದಾಟಿ ಹೊರಹೋದ ಚೆಂಡನ್ನು ಕತಾರ್ ಆಟಗಾರರು ಒಳಕ್ಕೆ ಎಳೆದು ಗೋಲು ಮಾಡಿದರು. ಗೋಲ್‌ಕೀಪರ್ ಗುರ್‌ಪ್ರೀತ್ ಮತ್ತವರ ಜೊತೆಗಾರರು ಎಷ್ಟು ಕೇಳಿಕೊಂಡರೂ ರೆಫರಿ ಗೋಲು ಎಂದೇ ಹೇಳಿದರು. ವಿಡಿಯೊ ನೋಡಿ ತೀರ್ಮಾನಿಸುವ ವ್ಯವಸ್ಥೆ ಆ ಪಂದ್ಯಕ್ಕಿರಲಿಲ್ಲ. ಪಂದ್ಯ 1–2. ಅನ್ಯಾಯವೇ ಅದು, ಎರಡು ಮಾತಿಲ್ಲ. ಆದರೆ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಘಾನಿಸ್ತಾನಕ್ಕೆ 1–2ರಿಂದ ಸೋತ ನಾವು ದೋಹಾ ಒಂದನ್ನೇ ದೂರಿ ಕೂರುವಂತಿಲ್ಲ.

ಉಳಿದ ಅವಕಾಶ ಮೂರನೇ ಹಂತ. ಈ ಸಲ ಗುಂಪಿನ ಮೊದಲಿಗರಿಗೆ ಮಾತ್ರ ಸ್ಥಾನ. ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶ ವಿರುದ್ಧ ಗೋಲಿಲ್ಲದ ಡ್ರಾ, ಹಾಂಗ್‌ಕಾಂಗ್‌ನಲ್ಲಿ ಕೊನೆಯ ಗಳಿಗೆಯ ಪೆನಾಲ್ಟಿಗೆ ಸೋಲು, 2025ರ ಅಕ್ಟೋಬರ್ 14ರಂದು ಮಡಗಾಂವ್‌ನಲ್ಲಿ ಸಿಂಗಪುರಕ್ಕೆ 1–2 ಸೋಲು. ಅಲ್ಲಿಗೆ ಬಾಗಿಲು ಮುಚ್ಚಿತು. ನಿವೃತ್ತಿಯಿಂದ ಮರಳಿ ಬಂದಿದ್ದ ಛೆಟ್ರಿಗೂ ಈ ಸಲ ತಂಡವನ್ನು ಎತ್ತಲಾಗಲಿಲ್ಲ. ಒಬ್ಬ ಆಟಗಾರನ ಹೆಗಲ ಮೇಲೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಭಾರ ಹೊರಿಸಿ, ಅವನ ನಂತರದ ಸ್ಟ್ರೈಕರ್‌ಗಳನ್ನು ಬೆಳೆಸದೆ ಹೋದದ್ದರ ಫಲ ಇದು.

ಅದೇ 2025ರ ಜೂನ್–ಜುಲೈನಲ್ಲಿ ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ ಮಹಿಳಾ ಏಷ್ಯಾ ಕಪ್ ಅರ್ಹತಾ ಪಂದ್ಯಗಳು ನಡೆದವು. 2022ರಲ್ಲಿ ಆತಿಥ್ಯ ವಹಿಸಿಯೂ ತಂಡದೊಳಗೆ ಕೋವಿಡ್ ಹರಡಿ ಕೂಟದಿಂದಲೇ ಹೊರಬಿದ್ದಿದ್ದ ಭಾರತದ ಹೆಣ್ಣುಮಕ್ಕಳು ಇಲ್ಲಿ ಮಂಗೋಲಿಯಾವನ್ನು 13–0, ಪೂರ್ವ ತಿಮೋರ್ ಅನ್ನು 4–0, ಇರಾಕ್ ಅನ್ನು 5–0ರಿಂದ ಸೋಲಿಸಿದರು. ಕೊನೆಯ ಪಂದ್ಯ ರ‍್ಯಾಂಕಿಂಗ್‌ನಲ್ಲಿ ಮೇಲಿದ್ದ ಆತಿಥೇಯರ ಜೊತೆ, ಅವರದೇ ಪ್ರೇಕ್ಷಕರ ಮುಂದೆ. ಸಂಗೀತಾ ಬಸ್ಫೋರ್ ಎರಡು ಗೋಲು ಹೊಡೆದರು, ಭಾರತ 2–1ರಿಂದ ಗೆದ್ದಿತು. ಅರ್ಹತಾ ಪಂದ್ಯಗಳನ್ನು ಆಡಿ ಗೆದ್ದು ಭಾರತದ ಮಹಿಳಾ ತಂಡ ಏಷ್ಯಾ ಕಪ್‌ಗೆ ಹೋದದ್ದು ಇದೇ ಮೊದಲು. ನಾಲ್ಕಕ್ಕೆ ನಾಲ್ಕೂ ಗೆಲುವು, ಒಂದೂ ತವರು ಪಂದ್ಯವಿಲ್ಲ. 1959ರ ಕೊಚ್ಚಿಯಿಂದ ಈಚೆಗೆ ಭಾರತ ಆಡಿದ ಎಲ್ಲ ಅರ್ಹತಾ ಸುತ್ತುಗಳಲ್ಲಿ ಇದಕ್ಕೆ ಸಮನಾದುದು ನನಗೆ ಕಾಣುತ್ತಿಲ್ಲ.